ಅಮೆರಿಕನ್ ಸಂಸ್ಕೃತಿಯಲ್ಲಿ ಪಿಎಚ್.ಡಿ.: ಶಾಲೆಯ ಉಪ್ಪಿಟ್ಟನ್ನು ವಿಷಯವಾಗಿ ಹಿಡಿದು ಹೋಗಬಹುದೇ?

ವೇದಾವತಿ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ.

ನಾನು ಇಂಗ್ಲಿಷ್ ಎಂ.ಎ. ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಐದು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಆಗಿದೆ. ಕಳೆದ ದೀಪಾವಳಿಗೆ ಅಜ್ಜಿಯ ಮನೆಯ ಅಟ್ಟ ಗುಡಿಸುವಾಗ ಹಳೆಯ ಎಣ್ಣೆ ಡಬ್ಬವೊಂದು ಸಿಕ್ಕಿತು. ಒಳಗೆ ಬಿತ್ತನೆಗೆಂದು ಬೂದಿ ಬೆರೆಸಿಟ್ಟ ಅವರೆ. ಹೊರಗೆ ಪರಸ್ಪರ ಹಿಡಿದ ಎರಡು ಕೈಗಳ ಚಿತ್ರ. ಇದು ಅಮೆರಿಕದ ಜನರ ಕೊಡುಗೆ, ಮಾರಬಾರದು, ಬದಲಾಯಿಸಿಕೊಳ್ಳಬಾರದು ಎಂಬ ಇಂಗ್ಲಿಷ್ ಒಕ್ಕಣೆ. ಅಮ್ಮನನ್ನು ಕೇಳಿದೆ. "ನಮ್ಮ ಶಾಲೆಯ ಉಪ್ಪಿಟ್ಟಿಗೆ ಬರುತ್ತಿದ್ದ ಎಣ್ಣೆಯ ಡಬ್ಬ. ನಿಮ್ಮಜ್ಜಿ ಸಂತೆಯಲ್ಲಿ ಕೊಂಡದ್ದು" ಎಂದಳು. ಮಾರಬಾರದೆಂದು ಮೈಮೇಲೆ ಬರೆಸಿಕೊಂಡ ಡಬ್ಬ ಸಂತೆಯಲ್ಲಿ!

ಅಲ್ಲಿಂದ ಓದುತ್ತಾ ಹೋದೆ. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ, ಮಿಕ್ಕ ಧಾನ್ಯವನ್ನು ಹೊರದೇಶಗಳಿಗೆ ಕಳಿಸುವ ಪಿ.ಎಲ್. 480 ಕಾನೂನು, ಅಲ್ಲಿನ ರೈತರು ಬೆಳೆದು ಮಿಕ್ಕಿದ ಗೋಧಿ, ಶೀತಲ ಸಮರ, ಅದನ್ನು ಶಾಲೆಗಳಿಗೆ ಹಂಚಿದ ಅಮೆರಿಕದ ಕೇರ್ ಸಂಸ್ಥೆ, ಕೊನೆಗೆ ಅಮ್ಮನ ಶಾಲೆ. ಇದನ್ನೇ ಸಂಶೋಧನೆ ಮಾಡಬೇಕೆಂಬ ಹಟ ಹತ್ತಿದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ‘ಅಮೆರಿಕನ್ ಸಂಸ್ಕೃತಿ’ ಎಂಬ ಹೆಸರಿನ ವಿಭಾಗವೇ ಇದೆ. ಯೇಲ್, ಬ್ರೌನ್ ಮುಂತಾದೆಡೆ ‘ಅಮೆರಿಕನ್ ಅಧ್ಯಯನ’ ಎನ್ನುತ್ತಾರೆ. ಸಾಹಿತ್ಯ, ಇತಿಹಾಸ, ಮಾನವಶಾಸ್ತ್ರ, ಸಮಾಜಶಾಸ್ತ್ರ ಎಲ್ಲವನ್ನೂ ಒಂದೇ ಸೂರಿನಡಿ ಓದಿಸುತ್ತಾರಂತೆ.

ಚಿತ್ರದುರ್ಗದ ಶಾಲೆಯ ಉಪ್ಪಿಟ್ಟನ್ನು ಅವರು ಅಮೆರಿಕನ್ ಸಂಸ್ಕೃತಿ ಎಂದು ಒಪ್ಪುತ್ತಾರೆಯೇ? ಕೈಯಲ್ಲಿ ದುಡ್ಡಿಲ್ಲ, ಸಾಲ ಮಾಡಿ ಹೋಗುವುದಿಲ್ಲ, ಹಾಗಿದ್ದರೂ ದಾರಿ ಇದೆಯೇ? ಮುಗಿಸಿದ ಮೇಲೆ ಯಾರು ಕೆಲಸ ಕೊಡುತ್ತಾರೆ? ಅಪ್ಪನ ಪ್ರಶ್ನೆ ಇನ್ನೂ ನೇರ: "ಅಮೆರಿಕದವರಿಗೆ ಅಮೆರಿಕ ಎಂದರೇನೆಂದು ಹೇಳಲು ಹಿರಿಯೂರು ಕಡೆಯಿಂದ ನೀನು ಹೋಗಬೇಕೇ?"

ಬೆಣ್ಣೆದೋಸೆ
ಉಪ್ಪಿಟ್ಟಿನ ಮೇಲೆ ಡಾಕ್ಟರೇಟ್! ಕಾಂಕ್ರೀಟು ಎಂದು ಮೂಗು ಮುರಿಯುವ ಅರ್ಧ ಕರ್ನಾಟಕ ನಿಮ್ಮ ಮೌಖಿಕ ಪರೀಕ್ಷೆಗೆ ಬಂದು ಕೂರುತ್ತದೆ.

ಮಹಾಸರೋವರ
ನಾನು ಇಂಥದೇ ಒಂದು ವಿಭಾಗದಲ್ಲಿ ಏಳು ವರ್ಷ ಸವೆಸಿದವನು. ಮೊದಲ ಪ್ರಶ್ನೆಗೆ ಉತ್ತರ: ಒಪ್ಪುತ್ತಾರೆ. ಇಪ್ಪತ್ತು ಜನ ‘ಅಮೆರಿಕನ್ ಕಾದಂಬರಿಯಲ್ಲಿ ಅಸ್ಮಿತೆ’ ಎಂದು ಬರೆದು ಕಳಿಸಿರುವಾಗ ನಿಮ್ಮ ಡಬ್ಬ ಆಯ್ಕೆ ಸಮಿತಿಯ ನಿದ್ದೆ ಬಿಡಿಸುತ್ತದೆ.

ಹಿಂದೆ ಹೀಗಿರಲಿಲ್ಲ. ಹಾರ್ವರ್ಡ್‌ನಲ್ಲಿ 1937ರಲ್ಲಿ ಈ ಪಿಎಚ್.ಡಿ. ಶುರುವಾದಾಗ ಅದರ ಹೆಸರು ‘ಅಮೆರಿಕನ್ ನಾಗರಿಕತೆಯ ಇತಿಹಾಸ’. 1940ರಲ್ಲಿ ಹೆನ್ರಿ ನ್ಯಾಶ್ ಸ್ಮಿತ್ ಎಂಬವರು ಮೊದಲ ಪದವಿ ಪಡೆದರು. ಅಮೆರಿಕಕ್ಕೆ ಒಂದು ಮನಸ್ಸಿದೆ, ದೊಡ್ಡ ಕೃತಿಗಳನ್ನೂ ಜನಪ್ರಿಯ ಕಥೆಗಳನ್ನೂ ಓದಿದರೆ ಅದು ಕೈಗೆ ಸಿಗುತ್ತದೆ ಎಂಬುದು ಆ ತಲೆಮಾರಿನ ನಂಬಿಕೆ. ಯಾರ ಮನಸ್ಸು ಎಂಬ ಪ್ರಶ್ನೆ ಎದ್ದದ್ದು ಆಮೇಲೆ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕಪ್ಪು ಜನರ, ಮೂಲನಿವಾಸಿಗಳ, ಏಷ್ಯನ್ನರ, ಲ್ಯಾಟಿನೋಗಳ ಚರಿತ್ರೆಯನ್ನೂ ಪಾಠ ಮಾಡಿ ಎಂದು ಮುಂದಿನ ಮಾರ್ಚ್‌ವರೆಗೆ ಪಟ್ಟು ಬಿಡಲಿಲ್ಲ. ಇಂದಿನ ಅಮೆರಿಕನ್ ಸಂಸ್ಕೃತಿ ವಿಭಾಗಗಳು ಆ ಹಳೆಯ ನಂಬಿಕೆಯನ್ನೂ ಈ ಮುಷ್ಕರವನ್ನೂ ಒಟ್ಟಿಗೆ ಹೊತ್ತುಕೊಂಡಿವೆ. 2004ರಲ್ಲಿ ಅಮೆರಿಕನ್ ಅಧ್ಯಯನ ಸಂಘದ ಅಧ್ಯಕ್ಷೆ ಶೆಲ್ಲಿ ಫಿಶರ್ ಫಿಶ್ಕಿನ್, ಅಮೆರಿಕವನ್ನು ಅದರ ಗಡಿಯೊಳಗೆ ಮಾತ್ರ ಇಟ್ಟು ನೋಡಲಾಗದು ಎಂದು ವೇದಿಕೆಯ ಮೇಲೆಯೇ ವಾದಿಸಿದರು. ನಿಮ್ಮ ಡಬ್ಬ ಗಡಿ ದಾಟಿ ಅಟ್ಟ ಹತ್ತಿದೆ, ಇನ್ನೇನು ಬೇಕು?

ದುಡ್ಡಿನ ಮಾತು. ಎಂ.ಎ.ಗೆ ಹೋಗಬೇಡಿ, ಅದಕ್ಕೆ ಸಾಮಾನ್ಯವಾಗಿ ನೀವೇ ಹಣ ಕಟ್ಟಬೇಕು. ಒಳ್ಳೆಯ ವಿಭಾಗಗಳ ಪಿಎಚ್.ಡಿ.ಗೆ ಶುಲ್ಕ ಮಾಫಿ, ಆರೋಗ್ಯ ವಿಮೆ, ತಿಂಗಳ ವೇತನ ಸೇರಿ ಐದಾರು ವರ್ಷದ ಒಪ್ಪಂದ ಕೊಡುತ್ತಾರೆ. ಅದು ಕೊಡದ ಪತ್ರ ಬಂದರೆ ಓದಿ, ಮಡಚಿ, ಮರೆತುಬಿಡಿ.

ಲೆಕ್ಕಪತ್ರ
ಎಲ್ಲರೂ ಆರತಿ ಎತ್ತುವ ಮೊದಲು ಒಂದು ಕೂಡಿಸು ಕಳೆ. ಈಗ ಇಪ್ಪತ್ತೊಂಬತ್ತು ಎಂದಿಟ್ಟುಕೊಳ್ಳೋಣ. ಮುಗಿಸುವಾಗ ಮೂವತ್ತಾರು. ಎಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಪದವಿಯ ನಂತರ ಕೆಲಸ ಮಾಡಲು 12 ತಿಂಗಳ ಮೇಲೆ ಇನ್ನೂ 24 ತಿಂಗಳು ಸಿಗುತ್ತವೆ. ಈ ವಿಷಯಕ್ಕೆ 12 ತಿಂಗಳು ಮಾತ್ರ. ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಎಂದು 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದಾರೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಮಾನವಿಕ ನಿಧಿ ಸಂಶೋಧನೆಗೆ ಕೊಟ್ಟಿದ್ದ ಅನುದಾನಗಳನ್ನೇ ರಾಶಿರಾಶಿಯಾಗಿ ಹಿಂತೆಗೆದುಕೊಂಡಿತು. ಮುಳುಗುವ ದೋಣಿಗೆ ಟಿಕೆಟ್ ಏಕೆ?

ಮಹಾಸರೋವರ
ಲೆಕ್ಕಪತ್ರ ಅವರೇ, ಲೆಕ್ಕ ಸರಿ. ಆದರೆ ಐದು ವರ್ಷ ಅತಿಥಿ ಉಪನ್ಯಾಸಕಿಯಾಗಿರುವವರಿಗೆ ದೋಣಿ ಮುಳುಗುವ ಭಯ ತೋರಿಸುತ್ತಿದ್ದೀರಲ್ಲ! ಅವರು ಆಗಲೇ ನೀರಿನಲ್ಲಿದ್ದಾರೆ.

ಲೆಕ್ಕಪತ್ರ
ಈ ನೀರಿನಲ್ಲಿ ಕನ್ನಡ ಮಾತನಾಡಬಹುದು, ಅಷ್ಟೇ ವ್ಯತ್ಯಾಸ.

ಹಳೇ ಮೇಷ್ಟ್ರು
ನಾನು 1974ರಿಂದ ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ಆ ಎಣ್ಣೆ ಡಬ್ಬಗಳ ಲೆಕ್ಕ ಬರೆದ ಕೈ ಇದು.

ಮೂಟೆಯಲ್ಲಿ ಬರುತ್ತಿದ್ದದ್ದು ನಮ್ಮ ರವೆಯಲ್ಲ, ಬೇಯಿಸಿ ಒಣಗಿಸಿ ಒಡೆದ ಗೋಧಿ ನುಚ್ಚು. ಅದಕ್ಕೊಂದು ವಾಸನೆ ಇತ್ತು, ಕೆಟ್ಟದ್ದೆಂದು ಹೇಳಲಾರೆ, ಬೇರೆಯದೇ ವಾಸನೆ. ಕೆಲವು ವರ್ಷ ಹಳದಿ ಹಿಟ್ಟು ಬಂತು, ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ್ದು. ಮಕ್ಕಳು ಅದನ್ನು ಒಣದಾಗಿಯೇ ಮುಕ್ಕಿ ಬಾಯೆಲ್ಲ ಅಂಟು ಮಾಡಿಕೊಳ್ಳುತ್ತಿದ್ದರು. ಒಗ್ಗರಣೆಗೆ ಸಾಸಿವೆ, ಮೆಣಸಿನಕಾಯಿ, ಈರುಳ್ಳಿ ಅಮೆರಿಕದಿಂದ ಬರುತ್ತಿರಲಿಲ್ಲ. ಅದನ್ನು ಊರಿನವರಿಂದ ಎತ್ತುತ್ತಿದ್ದೆವು. ಸೌದೆ ಮಕ್ಕಳೇ ತರುತ್ತಿದ್ದರು, ಒಬ್ಬೊಬ್ಬರು ಒಂದೊಂದು ಕಡ್ಡಿ. ಹಾಗಾಗಿ ತಾಯಿ, ಅದು ಬರೀ ಅಮೆರಿಕದ ಉಪ್ಪಿಟ್ಟು ಎಂದು ಬರೆಯಬೇಡಿ.

ಖಾಲಿ ಡಬ್ಬ, ಚೀಲಗಳನ್ನು ಏನು ಮಾಡಬೇಕೆಂಬುದಕ್ಕೂ ಒಂದು ವಹಿ ಇತ್ತು. ನಮ್ಮಲ್ಲಿ ಹರಾಜು ಹಾಕಿ, ಬಂದದ್ದನ್ನು ಉಪ್ಪು ಮೆಣಸಿಗೆ ಬಳಸಿದ್ದೂ ಉಂಟು. ನಿಮ್ಮಜ್ಜಿಯ ಡಬ್ಬ ಕಳ್ಳಮಾಲು ಎಂದು ಈಗಲೇ ತೀರ್ಮಾನಿಸಬೇಡಿ.

ಸೊಗಡವರೆ
ಆ ಗೋಧಿಯ ಜೊತೆಗೇ ಕಾಂಗ್ರೆಸ್ ಗಿಡವೂ ಬಂತಲ್ಲ. ತೋಟವೆಲ್ಲ ಹಾಳು. ಅದನ್ನೂ ಪ್ರಬಂಧಕ್ಕೆ ಸೇರಿಸಿ.

ಹಸಿರುಮನೆ
ಪಾರ್ಥೇನಿಯಂ ಪಿ.ಎಲ್. 480 ಗೋಧಿಯ ಜೊತೆ ಬಂತು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಆದರೆ ಅದಕ್ಕೂ ಮೊದಲೇ ಭಾರತದಲ್ಲಿ ಈ ಗಿಡ ಇತ್ತು ಎಂದು ವಾದಿಸುವ ಸಸ್ಯಶಾಸ್ತ್ರಜ್ಞರಿದ್ದಾರೆ. ಗೋಧಿಯ ಹಡಗು ಅದನ್ನು ಹರಡಿರಬಹುದು. ‘ತಂದಿತು’ ಎಂದು ಬರೆದರೆ ಪರೀಕ್ಷಕರು ಹಿಡಿಯುತ್ತಾರೆ.

ಸೊಗಡವರೆ
ನನ್ನ ತೋಟಕ್ಕೆ ಬಂದು ಆ ಸಸ್ಯಶಾಸ್ತ್ರಜ್ಞರು ಒಂದು ದಿನ ಕೀಳಲಿ, ಆಮೇಲೆ ವಾದ ಕೇಳುತ್ತೇನೆ.

ನಿರ್ವಾಹಕ
ಕಾಂಗ್ರೆಸ್ ಗಿಡಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಬಿಟ್ಟರೆ ಹರಡುತ್ತದೆ.

ಕೆರೆಯ ಏರಿ
ಮೇಲೆ ಉಪ್ಪಿಟ್ಟಿನ ತಮಾಷೆ ಓದಿದೆ. ನಗು ಬರಲಿಲ್ಲ. ನಮ್ಮ ಕೇರಿಯ ಮಕ್ಕಳಿಗೆ ಅದು ದಿನದ ಮೊದಲ ಊಟ. ಅಪ್ಪ ಅರ್ಧ ತಿಂದು ಇನ್ನರ್ಧವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ತಂಗಿಗೆ ಒಯ್ಯುತ್ತಿದ್ದರಂತೆ. ಶಾಲೆಗೆ ಸೇರಿಸಿದ್ದೇ ಅದರ ಆಸೆಗೆ ಎಂದು ಈಗಲೂ ಹೇಳುತ್ತಾರೆ.

ಆದರೆ ಬಡಿಸುವಾಗ ಯಾರ ಸಾಲು ಎಲ್ಲಿ, ಸೌಟು ಎಷ್ಟು ಎತ್ತರದಿಂದ ಬೀಳುತ್ತಿತ್ತು, ಮೇಲಿನ ಓಣಿಯ ಯಾವ ಮಕ್ಕಳು ಅದನ್ನು ಮುಟ್ಟದೆ ಮನೆಗೆ ಹೋಗಿ ಉಣ್ಣುತ್ತಿದ್ದರು, ಇವೆಲ್ಲ ಕೇರ್ ಸಂಸ್ಥೆಯ ವರದಿಯಲ್ಲಿ ಸಿಗುವುದಿಲ್ಲ. ವೇದಾವತಿ ಅಕ್ಕ, ನೀವು ಅಮೆರಿಕದ ಕಾಗದಪತ್ರ ಮಾತ್ರ ನೋಡಿ ಬರೆದರೆ ‘ಹಸಿದ ಭಾರತ’ ಎಂಬ ಒಂದೇ ಮುಖ ಕಾಣುತ್ತದೆ. ಹಸಿವಿಗೆ ಓಣಿ ಇತ್ತು.

ಬೆಣ್ಣೆದೋಸೆ
ತಪ್ಪಾಯಿತು ಸರ್. ನನ್ನ ಮೊದಲ ಮಾತು ಹಿಂದಕ್ಕೆ.

ದಫ್ತರ
ಇತಿಹಾಸ ವಿಭಾಗದಿಂದ ಎರಡು ತಿದ್ದುಪಡಿ. ಒಂದು: ಪಿ.ಎಲ್. 480 ಎಂದ ತಕ್ಷಣ ಎಲ್ಲವೂ ದಾನವಲ್ಲ. ಭಾರತಕ್ಕೆ ಬಂದ ಗೋಧಿಯ ಬಹುಪಾಲು ರೂಪಾಯಿಗೆ ಮಾರಿದ್ದು, ಅದು ಪಡಿತರ ಅಂಗಡಿಗೆ ಹೋಯಿತು. ಶಾಲೆಗೆ ಬಂದದ್ದು ಸ್ವಯಂಸೇವಾ ಸಂಸ್ಥೆಗಳ ಮೂಲಕ ಕೊಟ್ಟ ಕೊಡುಗೆ. ಎರಡನ್ನೂ ಒಂದೇ ಮೂಟೆಗೆ ತುಂಬಬೇಡಿ. ಅಧ್ಯಕ್ಷ ಜಾನ್ಸನ್ 1965ರಿಂದ ಹಡಗುಗಳನ್ನು ತಿಂಗಳು ತಿಂಗಳಿಗೆ ಲೆಕ್ಕ ಹಾಕಿ ಬಿಟ್ಟು, ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಬಾಯಿ ಬಿಟ್ಟಾಗ ಸಿಟ್ಟಾದ ಕಥೆ ಆ ಮಾರಾಟದ ಗೋಧಿಗೆ ಸೇರಿದ್ದು.

ಎರಡು: ಕೇರ್ ಭಾರತಕ್ಕಾಗಿ ಹುಟ್ಟಿದ್ದಲ್ಲ. 1945ರಲ್ಲಿ, ಯುದ್ಧದಲ್ಲಿ ಬಸವಳಿದ ಯುರೋಪಿಗೆ ಪೊಟ್ಟಣ ಕಳಿಸಲು ಅಮೆರಿಕದಲ್ಲಿ ಕಟ್ಟಿದ್ದು. ಓಹಾಯೋದ ಗೃಹಿಣಿಯೊಬ್ಬಳು ಹತ್ತು ಡಾಲರ್ ಕೊಟ್ಟು ಕಾಣದ ಊರಿನ ಕಾಣದ ಮಗುವಿಗೆ ಅನ್ನ ಕಳಿಸಿದೆ ಎಂದುಕೊಳ್ಳುವಳಲ್ಲ, ಅಮೆರಿಕನ್ ಸಂಸ್ಕೃತಿ ಇರುವುದು ಅಲ್ಲಿ. ಕೇರ್‌ನ ಹಳೆಯ ದಾಖಲೆಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಸರ್ಕಾರದ್ದು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನ ರಾಷ್ಟ್ರೀಯ ದಫ್ತರಖಾನೆಯಲ್ಲಿ, ಜಾನ್ಸನ್‌ರದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಡಬ್ಬದ ಮೇಲಿನ ಕೈಗಳ ಒಡೆಯ, ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್, 2025ರ ಜುಲೈ 1ಕ್ಕೆ ಬಾಗಿಲು ಹಾಕಿದೆ. ನಿಮ್ಮ ವಿಷಯ ಈಗ ಪೂರ್ತಿ ಇತಿಹಾಸ.

ಅದಕ್ಕೇ ಹೇಳುತ್ತೇನೆ, ಇತಿಹಾಸ ವಿಭಾಗಕ್ಕೇ ಅರ್ಜಿ ಹಾಕಿ. ಕೆಲಸದ ಜಾಹೀರಾತಿನಲ್ಲಿ ‘ಇತಿಹಾಸ ಪ್ರಾಧ್ಯಾಪಕ’ ಎಂದಿರುತ್ತದೆ. ‘ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲವರು’ ಎಂದಿರುವುದಿಲ್ಲ.

ಮಹಾಸರೋವರ
ದಫ್ತರ ಅವರೇ, ಸೌಟಿನ ಎತ್ತರ ನಿಮ್ಮ ಯಾವ ದಫ್ತರಖಾನೆಯಲ್ಲಿದೆ? ಅದಕ್ಕೆ ಮೌಖಿಕ ಚರಿತ್ರೆ ಬೇಕು, ಜಾತಿಯ ಸಮಾಜಶಾಸ್ತ್ರ ಬೇಕು. ಡಬ್ಬದ ಮೇಲಿನ ಒಕ್ಕಣೆಯನ್ನು ಪದ್ಯದಂತೆ ಓದಬಲ್ಲ ಇಂಗ್ಲಿಷ್ ಎಂ.ಎ.ಯೂ ಬೇಕು. ಸಂಸ್ಕೃತಿ ವಿಭಾಗ ಇರುವುದೇ ಇಂಥ ಪ್ರಶ್ನೆಗೆ. ಮಾರ್ಗದರ್ಶನ ಸಮಿತಿಯಲ್ಲಿ ನಾಲ್ಕು ವಿಭಾಗದವರನ್ನು ಕೂರಿಸಿಕೊಳ್ಳಬಹುದು.

ದಫ್ತರ
ನಾಲ್ವರನ್ನು ಕೂರಿಸಬಹುದು. ನಾಲ್ವರೂ ಒಂದೇ ದಿನ ಬಿಡುವಾಗಿರುವಂತೆ ಮಾಡುವುದು ಆರನೇ ವರ್ಷದ ಸಂಶೋಧನೆ.

ಅರ್ಧಕ್ಕೆ ಬಂದವಳು
ನಾನು ಹೋಗಿ, ಮೂರನೇ ವರ್ಷ ವಾಪಸ್ಸು ಬಂದವಳು. ಹೆದರಿಸಲು ಬರೆಯುತ್ತಿಲ್ಲ. ಮೊದಲೆರಡು ವರ್ಷ ತರಗತಿಗಳು, ವಾರಕ್ಕೆ ಮೂರು ನಾಲ್ಕು ಪುಸ್ತಕ. ಆಮೇಲೆ ನೂರಾರು ಪುಸ್ತಕಗಳ ಪಟ್ಟಿ ಹಿಡಿದು ಅರ್ಹತಾ ಪರೀಕ್ಷೆ. ಅದನ್ನು ದಾಟಿದರೆ ಪ್ರಬಂಧದ ಪ್ರಸ್ತಾವ. ಇದರ ಮಧ್ಯೆ ಪದವಿ ವಿದ್ಯಾರ್ಥಿಗಳಿಗೆ ಪಾಠ, ಉತ್ತರಪತ್ರಿಕೆ ತಿದ್ದುವುದು. ಹಳ್ಳಿಯ ಅಮೆರಿಕನ್ ಹುಡುಗನಿಗೆ ಅವನದೇ ದೇಶದ ಗುಲಾಮಗಿರಿಯ ಚರಿತ್ರೆಯನ್ನು ನನ್ನ ಉಚ್ಚಾರದಲ್ಲಿ ಹೇಳಿಕೊಡುವ ಮೊದಲ ದಿನ ಕಾಲು ನಡುಗಿದ್ದು ನೆನಪಿದೆ. ಅವನು ವರ್ಷದ ಕೊನೆಗೆ ತನ್ನ ಅಜ್ಜಿ ಮಾಡಿದ ಜೋಳದ ಬ್ರೆಡ್ ತಂದುಕೊಟ್ಟ. ಪಾಠ ನನಗೆ ಹಿಡಿಸಿತ್ತು.

ಕೆಟ್ಟದ್ದು ಬೇರೆ. ನನ್ನ ಮಾರ್ಗದರ್ಶಕರು ಎರಡನೇ ವರ್ಷದ ಬೇಸಿಗೆಯಲ್ಲಿ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ವಿಭಾಗದಲ್ಲಿ ದಕ್ಷಿಣ ಏಷ್ಯಾ ಬಲ್ಲವರು ಅವರೊಬ್ಬರೇ. ಉಳಿದವರು ಸಭ್ಯರು, ನನ್ನ ಅಧ್ಯಾಯ ಓದಿ ‘ಬಹಳ ಆಸಕ್ತಿಕರ’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ವೇದಾವತಿ, ಒಬ್ಬರನ್ನು ನಂಬಿ ಹೋಗಬೇಡ. ವಿಷಯ ಬಲ್ಲವರು ಇಬ್ಬರಾದರೂ ಇರುವ ಕಡೆ ಹೋಗು.

ಲೆಕ್ಕಪತ್ರ
ಇದನ್ನೇ ನಾನೂ ಹೇಳಿದ್ದು.

ಅರ್ಧಕ್ಕೆ ಬಂದವಳು
ಇಲ್ಲ, ನೀವು ಹೋಗಬೇಡ ಎಂದಿರಿ. ನಾನು ನೋಡಿಕೊಂಡು ಹೋಗು ಎಂದೆ.

ಕೂಲಿ ಲೆಕ್ಕ
ಅಲ್ಲಿನ ವೇತನ ಕೇಳಿ ರೂಪಾಯಿಗೆ ಗುಣಿಸಿ ಹಿಗ್ಗಬೇಡಿ, ಅರ್ಧ ಬಾಡಿಗೆಗೇ ಹೋಗುತ್ತದೆ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಸಂಶೋಧಕರು, ಬೋಧನಾ ಸಹಾಯಕರು ಮುಷ್ಕರಕ್ಕೆ ಇಳಿದದ್ದು ಇದಕ್ಕೇ, ವೇತನ ಏರಿಸಿಕೊಂಡೇ ಎದ್ದರು. ಮರುವರ್ಷ ಮಿಷಿಗನ್‌ನಲ್ಲೂ ತಿಂಗಳುಗಟ್ಟಲೆ ನಡೆಯಿತು. ಅರ್ಜಿ ಹಾಕುವ ಕಡೆ ವಿದ್ಯಾರ್ಥಿ ನೌಕರರ ಸಂಘ ಇದೆಯೇ ನೋಡಿಕೊಳ್ಳಿ.

ಶರಾವತಿ ದಂಡೆ
ಭಾರತ, ಅಮೆರಿಕ ಸರ್ಕಾರಗಳು ಕೊಡುವ ಫುಲ್‌ಬ್ರೈಟ್ ನೆಹರೂ ಮಾಸ್ಟರ್ಸ್ ಫೆಲೋಶಿಪ್‌ಗೆ ಪ್ರಯತ್ನಿಸಬಹುದಲ್ಲವೇ? ಪೂರ್ತಿ ಖರ್ಚು ಅವರದೇ.

ದಫ್ತರ
ಅದಕ್ಕೆ ಅಮೆರಿಕದ ಪದವಿಗೆ ಸಮನಾದ ಓದು, ಮೂರು ವರ್ಷದ ಕೆಲಸದ ಅನುಭವ ಎರಡನ್ನೂ ಕೇಳುತ್ತಾರೆ. ಮೂರು ವರ್ಷದ ಬಿ.ಎ. ಒಂದೇ ಇದ್ದವರು ಅಲ್ಲಿ ಎಡವುತ್ತಾರೆ. ಇವರಿಗೆ ಎಂ.ಎ. ಇರುವುದರಿಂದ ತೊಂದರೆ ಆಗಲಾರದು, ಆದರೂ ಆ ವರ್ಷದ ಅಧಿಸೂಚನೆಯಲ್ಲಿ ವಿಷಯಗಳನ್ನು ನೋಡಿಕೊಳ್ಳಬೇಕು. ಇನ್ನೊಂದು ದಾರಿ ಯಾರೂ ಹೇಳಲಿಲ್ಲ: ಇಲ್ಲೇ ಪಿಎಚ್.ಡಿ.ಗೆ ನೋಂದಾಯಿಸಿ, ಫುಲ್‌ಬ್ರೈಟ್‌ನ ಡಾಕ್ಟರಲ್ ಸಂಶೋಧನಾ ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಹೋಗಿ ದಾಖಲೆ ನೋಡಿ ಬರುವುದು. ಸೌಟೂ ಇಲ್ಲೇ, ಬಡಿಸಿದವರೂ ಇಲ್ಲೇ.

ಹಳೇ ಮೇಷ್ಟ್ರು
ಬಡಿಸಿದವರು ಬೇಗ ಹೋಗುತ್ತಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಶಾಲೆಯ ಅಡುಗೆಯಾಕೆ ತೀರಿಕೊಂಡು ಎಂಟು ವರ್ಷವಾಯಿತು.

ಉದ್ಯಾನ ರೈಲು
ವಿಷಯಾಂತರಕ್ಕೆ ಕ್ಷಮೆ. ಪಿ.ಎಲ್. 480ರಲ್ಲಿ ಗೋಧಿ ಇತ್ತ ಬಂದಂತೆ ಕನ್ನಡ ಪುಸ್ತಕಗಳು ಅತ್ತ ಹೋದವು, ಗೊತ್ತೇ? ನಾವು ರೂಪಾಯಿಯಲ್ಲಿ ಕೊಟ್ಟ ಹಣ ಇಲ್ಲೇ ರಾಶಿ ಬಿದ್ದಿತ್ತು. ಅದರಲ್ಲಿ ಒಂದಿಷ್ಟನ್ನು ಬಳಸಿ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಂಚಿತು. ಹತ್ತು ವರ್ಷದ ಹಿಂದೆ ಶಿಕಾಗೋದಲ್ಲಿ ಚಳಿಗೆ ಹೆದರಿ ಗ್ರಂಥಾಲಯ ಹೊಕ್ಕವನು ನಾನು. ಕನ್ನಡದ ಕಪಾಟಿನಲ್ಲಿ ನಮ್ಮೂರಿನ ಮುಚ್ಚಿಹೋದ ಮುದ್ರಣಾಲಯದ ಪುಸ್ತಕವೊಂದು ಸಿಕ್ಕಿತು. ಊರಿನಲ್ಲಿ ಅದರ ಪ್ರತಿ ಎಲ್ಲಿಯೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಓದಿದೆ.

ತಿಳಿನೀರು
ಆ ಶಿಕಾಗೋದಲ್ಲೇ ಎ.ಕೆ. ರಾಮಾನುಜನ್ ಪಾಠ ಮಾಡಿದ್ದು. ಅವರೂ 1959ರಲ್ಲಿ ಫುಲ್‌ಬ್ರೈಟ್ ಮೇಲೆ ಹೋಗಿ ಇಂಡಿಯಾನಾದಲ್ಲಿ ಭಾಷಾಶಾಸ್ತ್ರದ ಪಿಎಚ್.ಡಿ. ಮಾಡಿದವರು.

ಲೆಕ್ಕಪತ್ರ
ಎಲ್ಲರೂ ರಾಮಾನುಜನ್ ಆಗುವುದಿಲ್ಲ. ಈ ಮಾತನ್ನು ಯಾರಾದರೂ ಹೇಳಬೇಕಿತ್ತು, ಹೇಳಿದ್ದೇನೆ.

ತೆಂಗಿನಗರಿ
ಹೈದರಾಬಾದಿನ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರ ಯಾರಿಗೂ ನೆನಪಿಲ್ಲವೇ? ಉಸ್ಮಾನಿಯಾ ಆವರಣದಲ್ಲಿ 1964ರಲ್ಲಿ ಶುರುವಾದದ್ದು. ಎಂಬತ್ತರ ದಶಕದಲ್ಲಿ ನಾವೆಲ್ಲ ಇಂಗ್ಲಿಷ್ ಮೇಷ್ಟ್ರುಗಳು ರಾತ್ರಿ ಬಸ್ಸು ಹಿಡಿದು ಹೋಗಿ, ಅಲ್ಲೇ ಉಳಿದು ಓದಿ ಬರುತ್ತಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ. ಈಗ ಅದು ಮೊದಲಿನಂತಿಲ್ಲ. ಅಂದು ಅಮೆರಿಕವನ್ನು ಓದಲು ಅಮೆರಿಕವೇ ನಮ್ಮ ಬಳಿಗೆ ಬಂದಿತ್ತು, ಏಕೆ ಬಂದಿತ್ತು ಎಂದು ನಾವು ಕೇಳಲಿಲ್ಲ. ಈ ಹುಡುಗಿ ಕೇಳುತ್ತಿದ್ದಾಳೆ. ಹೋಗಲಿ ಬಿಡಿ.

ಗಡಿಯಾರ ಗೋಪುರ
ವಾಪಸ್ಸು ಬಂದ ಮೇಲಿನ ಕಥೆ ಹೇಳುತ್ತೇನೆ. ಯುಜಿಸಿಯ 2018ರ ನಿಯಮದ ಪ್ರಕಾರ ಜಾಗತಿಕ ಶ್ರೇಯಾಂಕದ ಮೊದಲ 500ರಲ್ಲಿರುವ ವಿದೇಶಿ ವಿಶ್ವವಿದ್ಯಾಲಯದ ಪಿಎಚ್.ಡಿ. ಇದ್ದರೆ ನೆಟ್ ಇಲ್ಲದೆಯೂ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ಕಾಗದದಲ್ಲಿ ಸರಿ. ನನ್ನ ಸಂದರ್ಶನದಲ್ಲಿ ಸದಸ್ಯರೊಬ್ಬರು ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು, "ಇದು ಇಂಗ್ಲಿಷೋ, ಇತಿಹಾಸವೋ, ಸಮಾಜಶಾಸ್ತ್ರವೋ?" ಎಂದರು. ಮೂರೂ ಎಂದೆ. "ಹಾಗಾದರೆ ಯಾವುದೂ ಅಲ್ಲ" ಎಂದರು. ಈಗ ಖಾಸಗಿ ವಿಶ್ವವಿದ್ಯಾಲಯದಲ್ಲಿದ್ದೇನೆ, ಸುಖವಾಗಿದ್ದೇನೆ. ವೇದಾವತಿಯವರಿಗೆ ಇಂಗ್ಲಿಷ್ ಎಂ.ಎ., ಕೆ-ಸೆಟ್ ಎರಡೂ ಇರುವುದರಿಂದ ನನ್ನ ಪಾಡು ಬರುವುದಿಲ್ಲ.

ವೇದಾವತಿ
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಅವರು ಲೆಕ್ಕಪತ್ರ ಅವರ ಪಕ್ಷ. ಕೆರೆಯ ಏರಿ ಅವರೇ, ಸೌಟಿನ ಎತ್ತರದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅಮ್ಮನನ್ನು ಕೇಳಿದೆ, ನೀನು ಯಾವ ಸಾಲಿನಲ್ಲಿ ಕೂರುತ್ತಿದ್ದೆ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ತಿನ್ನುತ್ತಿರಲಿಲ್ಲ, ಬಡಿಸುವುದನ್ನು ನೋಡುತ್ತಿದ್ದೆ" ಎಂದಳು. ಇಷ್ಟು ದಿನ ಅಮ್ಮ ಆ ಉಪ್ಪಿಟ್ಟು ತಿಂದೇ ಬೆಳೆದವಳೆಂದು ನಾನೇ ಊಹಿಸಿಕೊಂಡಿದ್ದೆ.

ಈ ಡಿಸೆಂಬರ್‌ಗೆ ಅರ್ಜಿ ಹಾಕುವುದಿಲ್ಲ, ಮುಂದಿನ ಡಿಸೆಂಬರ್‌ಗೆ ಹಾಕುತ್ತೇನೆ. ಇತಿಹಾಸಕ್ಕೆ ಎರಡು, ಸಂಸ್ಕೃತಿಗೆ ಮೂರು. ಅಷ್ಟರೊಳಗೆ ಅಮ್ಮನ ಶಾಲೆಯಲ್ಲಿ ಬಡಿಸಿದವರನ್ನು, ತಿಂದವರನ್ನು, ತಿನ್ನದವರನ್ನು ಮಾತನಾಡಿಸಬೇಕು. ಮೇಷ್ಟ್ರೇ, ನಿಮ್ಮ ಆ ವಹಿ ಈಗಲೂ ಇದೆಯೇ?

ಮಹಾಸರೋವರ
ಸಂದರ್ಶನದ ಮೊದಲು ಒಪ್ಪಿಗೆ ಪಡೆದು ಧ್ವನಿಮುದ್ರಿಸಿ. ಆಮೇಲೆ ಅರ್ಜಿಯ ಜೊತೆ ಕಳಿಸುವ ಬರಹಕ್ಕೆ ಅದೇ ಆಗುತ್ತದೆ. ಅಂದ ಹಾಗೆ, ಈ ವಿಭಾಗಗಳಲ್ಲಿ ಬಹಳಷ್ಟು ಕಡೆ ಈಗ ಜಿಆರ್‌ಇ ಪ್ರವೇಶ ಪರೀಕ್ಷೆ ಕೇಳುವುದಿಲ್ಲ. ಆ ದುಡ್ಡು ಉಳಿಯಿತು.

ಹಳೇ ಮೇಷ್ಟ್ರು
ವಹಿ ಶಾಲೆಯದು ತಾಯಿ, ನಿವೃತ್ತಿಯ ದಿನ ಒಪ್ಪಿಸಿ ಬಂದೆ. ಬೀರುವಿನ ಕೆಳಗಿನ ಅರೆಯಲ್ಲಿತ್ತು, ಗೆದ್ದಲು ಬಿಟ್ಟಿದ್ದರೆ ಇದೆ. ಈಗಿನ ಮುಖ್ಯೋಪಾಧ್ಯಾಯಿನಿ ನನ್ನ ಶಿಷ್ಯೆ. ಸೋಮವಾರ ಫೋನ್ ಮಾಡುತ್ತೇನೆ. ನೀವು ಬರುವುದಾದರೆ ಬೆಳಿಗ್ಗೆ ಎಂಟರ ಬಸ್ಸಿಗೆ ಬನ್ನಿ, ಮಧ್ಯಾಹ್ನದ ಮೇಲೆ ನಮ್ಮೂರಿಗೆ ಬಸ್ಸಿಲ್ಲ.